ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ 10,000 ಕಟ್ಟಿದರೆ ಮುಗಿಯಿತಾ?

ಸದಾಶಿವಗಡ_ಮಾವ
ಕಾನೂನು ಗೊತ್ತಿರುವವರು ಯಾರಾದರೂ ಇದ್ದರೆ ಸ್ವಲ್ಪ ಬಿಡಿಸಿ ಹೇಳಿ. ನಮ್ಮ ಅಕ್ಕನ ಮಗ ಶಿರಸಿ ಕಡೆಯವನು. ಶನಿವಾರ ರಾತ್ರಿ ಸ್ನೇಹಿತನ ಬೈಕ್ ಓಡಿಸಿಕೊಂಡು ಗೋವಾ ಕಡೆಯಿಂದ ಬರುವಾಗ ಹೈವೇಯಲ್ಲಿ ನಿಲ್ಲಿಸಿ ಊದಿಸಿದ್ದಾರೆ, ಮಷಿನ್‌ನಲ್ಲಿ 92 ಬಂದಿದೆ. ಸ್ನೇಹಿತ ಹಿಂದೆ ಕೂತಿದ್ದ, ಅವನೂ ಕುಡಿದಿದ್ದ. ಬೈಕ್ ಠಾಣೆಯಲ್ಲಿದೆ. ಡಿಎಲ್ ತೆಗೆದುಕೊಂಡು ಕೋರ್ಟಿಗೆ ಬರಲು ಚೀಟಿ ಕೊಟ್ಟಿದ್ದಾರೆ. ಹುಡುಗನ ಹೊಟ್ಟೆಪಾಡು ಪಿಕಪ್ ಓಡಿಸುವುದು, ಅಡಿಕೆ, ಬಾಳೆಕಾಯಿ ಏನು ಸಿಕ್ಕರೂ ಹುಬ್ಬಳ್ಳಿಗೆ ಹೇರಿಕೊಂಡು ಹೋಗುತ್ತಾನೆ. ಊರಲ್ಲಿ ಒಬ್ಬರು 2,000 ಅನ್ನುತ್ತಾರೆ, ಇನ್ನೊಬ್ಬರು 10,000 ಅನ್ನುತ್ತಾರೆ, ಮತ್ತೊಬ್ಬರು ಆರು ತಿಂಗಳು ಜೈಲು ಅಂತ ಹೇಳಿ ಅಕ್ಕನನ್ನು ಅಳಿಸಿ ಹೋಗಿದ್ದಾರೆ. ನಿಜವಾಗಿ ಏನಾಗುತ್ತದೆ?

ಬೈತಖೋಲ_ಬಂದರು
ಮಾವ, ಸ್ಥಳದಲ್ಲೇ ಏನೋ ಕಟ್ಟಿ ರಸೀದಿ ತಗೊಂಡು ಬರಬೇಕಿತ್ತು ಮಾರಾಯ್ರೆ. ಹೆಲ್ಮೆಟ್ ಕೇಸಿಗೆಲ್ಲ ಹಾಗೇ ಅಲ್ವಾ? ಕೋರ್ಟು ಅಂದರೆ ಸುಮ್ನೆ ಅಲೆದಾಟ. ಈಗಲೂ ಗುರುತಿನವರು ಯಾರಾದರೂ ಇದ್ದರೆ ಒಂದು ಫೋನ್ ಮಾಡಿಸಿ ನೋಡಿ.

ಕುಮಟಾ_ಕರಿಕೋಟು
ಫೋನ್ ಮಾಡಿಸುವ ಕೆಲಸಕ್ಕೆ ಹೋಗಬೇಡಿ, ಖರ್ಚು ಜಾಸ್ತಿ, ಫಲ ಕಡಿಮೆ. ನಾನು ತಾಲೂಕು ಕೋರ್ಟಿನಲ್ಲಿ ವಕೀಲಿ ಮಾಡುವವನು, ಇಂಥ ಕೇಸು ವಾರವಾರವೂ ನೋಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಹೆಲ್ಮೆಟ್, ಸಿಗ್ನಲ್ ಇವಕ್ಕೆಲ್ಲ ಸ್ಥಳದಲ್ಲೇ ದಂಡ ಕಟ್ಟಿ ಮುಗಿಸುವ ಅವಕಾಶ ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್‌ನಲ್ಲಿದೆ. ಆ ಪಟ್ಟಿಯಲ್ಲಿ 185, ಅಂದರೆ ಕುಡಿದು ಓಡಿಸುವುದರ ಸೆಕ್ಷನ್, ಇಲ್ಲ. ಕುಡಿದು ಓಡಿಸಿದ್ದಕ್ಕೆ ರಸ್ತೆಯಲ್ಲಿ ರಸೀದಿ ಹರಿಯುವ ಅಧಿಕಾರ ಯಾವ ಪೊಲೀಸರಿಗೂ ಇಲ್ಲ, ಮ್ಯಾಜಿಸ್ಟ್ರೇಟರ ಮುಂದೆ ಹೋಗಲೇಬೇಕು. ರಸ್ತೆಯಲ್ಲಿ ಯಾರಾದರೂ ದುಡ್ಡು ತೆಗೆದುಕೊಂಡರೆ ಅದು ದಂಡ ಅಲ್ಲ, ಏನು ಅಂತ ನಿಮಗೇ ಗೊತ್ತು.

ಶಿಕ್ಷೆ ಎಷ್ಟು ಅಂದರೆ, 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಅಪರಾಧ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ದಂಡ, ಇಲ್ಲವೇ ಎರಡೂ. ಎರಡನೇ ಸಲ ಸಿಕ್ಕರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 15,000, ಇಲ್ಲವೇ ಎರಡೂ. 2,000 ಅನ್ನುವವರು ಹಳೆಯ ಲೆಕ್ಕ ಹೇಳುತ್ತಿದ್ದಾರೆ, ಅದು 2019ರ ಸೆಪ್ಟೆಂಬರ್ 1ಕ್ಕೇ ಹೋಯಿತು. ಮುಂಚೆ '2,000ದವರೆಗೆ' ಅಂತ ಇತ್ತು, ಮ್ಯಾಜಿಸ್ಟ್ರೇಟರು ಕರುಣೆ ತೋರಿಸಿ 500ಕ್ಕೂ ಬಿಡಬಹುದಿತ್ತು. ಈಗ 'ವರೆಗೆ' ಇಲ್ಲ, ಹತ್ತು ಸಾವಿರ ಅಂದರೆ ಹತ್ತು ಸಾವಿರವೇ. ಅದೇ ತಿಂಗಳು ಕರ್ನಾಟಕ ಸರ್ಕಾರ ಬೇರೆ ಎಷ್ಟೋ ದಂಡಗಳನ್ನು ಇಳಿಸಿತು, ಆದರೆ ಇದು ಕೋರ್ಟಿನ ವಿಷಯವಾದ್ದರಿಂದ ಇಳಿಯಲಿಲ್ಲ.

ಅಕ್ಕನಿಗೆ ಅಳಬೇಡಿ ಅಂತ ಹೇಳಿ. ಜಾಮೀನು ಸಿಗುವ ಅಪರಾಧ ಇದು. ಮೊದಲ ಸಲ, ಅಪಘಾತ ಇಲ್ಲ, ಜಗಳ ಇಲ್ಲ ಅಂದರೆ ಸಾಮಾನ್ಯವಾಗಿ ತಪ್ಪೊಪ್ಪಿಕೊಂಡವರಿಗೆ ದಂಡ ಹಾಕಿ ಕಳಿಸುತ್ತಾರೆ. ಕೆಲವೊಮ್ಮೆ ಕೋರ್ಟು ಏಳುವವರೆಗೆ ಅಲ್ಲೇ ಕೂರಿಸುತ್ತಾರೆ. ಆದರೆ ಮಾವ, ನೀವು ದಂಡದ ಬಗ್ಗೆ ಮಾತ್ರ ಕೇಳಿದ್ದೀರಿ. ನಾನು ನಿಮ್ಮ ಜಾಗದಲ್ಲಿದ್ದರೆ ಚಿಂತೆ ಮಾಡುವುದು ಡಿಎಲ್ ಬಗ್ಗೆ.

ಸದಾಶಿವಗಡ_ಮಾವ
ಡಿಎಲ್ ದಂಡ ಕಟ್ಟಿದ ಮೇಲೆ ವಾಪಸ್ ಕೊಡುವುದಿಲ್ಲವಾ ವಕೀಲರೇ?

ಅಂಕೋಲಾ_ಲಾರಿ
ಕೊಡುವುದಿಲ್ಲ ಅಣ್ಣ. ನಮ್ಮ ಒಬ್ಬ ಡ್ರೈವರು ಸ್ಕೂಟಿಯಲ್ಲಿ ಸಿಕ್ಕಿದ್ದ, ಲಾರಿಯಲ್ಲಿ ಅಲ್ಲ, ರಜೆಯಲ್ಲಿ ಊರಿಗೆ ಹೋದಾಗ. ಮೂರು ತಿಂಗಳು ಲಾರಿ ಮುಟ್ಟುವ ಹಾಗಿರಲಿಲ್ಲ. ಮನೆಯಲ್ಲಿ ಕೂತು ಸೊಸೈಟಿ ಸಾಲ ತೆಗೆದ. ಹತ್ತು ಸಾವಿರ ಅವನಿಗೆ ನೆನಪೇ ಇಲ್ಲ, ಆ ಮೂರು ತಿಂಗಳು ಮಾತ್ರ ಇವತ್ತಿಗೂ ಹೇಳುತ್ತಾನೆ.

ಕುಮಟಾ_ಕರಿಕೋಟು
ಲಾರಿ ಅಣ್ಣ ಹೇಳಿದ್ದೇ ಅಸಲು ವಿಷಯ. ದಂಡ ಕೋರ್ಟಿನ ಬಾಬ್ತು, ಲೈಸೆನ್ಸ್ ಆರ್‌ಟಿಒ ಬಾಬ್ತು. ಎರಡೂ ಬೇರೆ ಬೇರೆ ನಡೆಯುತ್ತವೆ. 206ನೇ ಸೆಕ್ಷನ್ ಪ್ರಕಾರ ಪೊಲೀಸರು ಡಿಎಲ್ ಹಿಡಿದು ಲೈಸೆನ್ಸ್ ಪ್ರಾಧಿಕಾರಕ್ಕೆ ಕಳಿಸುತ್ತಾರೆ. ಅವರು 19ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೆ ಮೂರು ತಿಂಗಳು ಅನರ್ಹ ಮಾಡಬಹುದು, ಎರಡನೇ ಸಲ ಲೈಸೆನ್ಸೇ ರದ್ದು. 'ಎಲ್ಲ ಅಥವಾ ಯಾವುದೇ ವರ್ಗದ ವಾಹನ' ಅಂತ ಕಾಯ್ದೆಯಲ್ಲಿದೆ, ಬೈಕಲ್ಲಿ ಸಿಕ್ಕಿದ್ದಕ್ಕೆ ಪಿಕಪ್ಪೂ ಹೋಗುವುದು ಹೀಗೆ. ಮೂರು ತಿಂಗಳು ಮುಗಿದ ಮೇಲೂ ತಾನಾಗಿ ಕೈಗೆ ಬರುವುದಿಲ್ಲ, ರಿಫ್ರೆಶರ್ ತರಬೇತಿ ಮುಗಿಸಬೇಕು ಅಂತ ಇದೆ. ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ಕುಡಿದು ಓಡಿಸಿದವರ ಲೈಸೆನ್ಸ್ ಕಡಿಮೆ ಅಂದರೂ ಮೂರು ತಿಂಗಳು ಅಮಾನತು ಮಾಡಿ ಅಂತ ರಾಜ್ಯಗಳಿಗೆ ಹೇಳಿತ್ತು.

ಈಗ ನಿಮಗೆ ಕೆಲಸಕ್ಕೆ ಬರುವ ಮಾತು. ಆದೇಶ ಮಾಡುವ ಮೊದಲು ಆರ್‌ಟಿಒ ನೋಟಿಸ್ ಕೊಟ್ಟು ನಿಮ್ಮ ಹುಡುಗನ ಮಾತು ಕೇಳಬೇಕು. ಹೆಚ್ಚಿನವರು ಆ ನೋಟಿಸನ್ನು ಒಡೆದೂ ನೋಡುವುದಿಲ್ಲ. ಇವನು ಸಿಕ್ಕಿದ್ದು ಕಾರವಾರ ಕಡೆ, ಅಂದರೆ ಕೆಎ-30. ಲೈಸೆನ್ಸ್ ಶಿರಸಿಯದು, ಕೆಎ-31. ಕಾಗದ ಯಾವ ಕಚೇರಿಗೆ ಹೋಗಿದೆ ಅಂತ ಠಾಣೆಯಲ್ಲೇ ಕೇಳಿ ಬರೆದುಕೊಳ್ಳಿ, ಇಲ್ಲದಿದ್ದರೆ ಘಟ್ಟ ಹತ್ತಿ ಇಳಿಯುವುದೇ ಆಗುತ್ತದೆ. ಹೊಟ್ಟೆಪಾಡು ಇದೇ, ಹಿಂದೆ ಯಾವ ಕೇಸೂ ಇಲ್ಲ ಅಂತ ಲಿಖಿತವಾಗಿ ಕೊಡಿ. ಬಿಟ್ಟೇಬಿಡುತ್ತಾರೆ ಅಂತ ನಾನು ಹೇಳುವುದಿಲ್ಲ. ಆದೇಶ ವಿರುದ್ಧ ಬಂದರೆ 30 ದಿನದೊಳಗೆ ಮೇಲ್ಮನವಿ ಇದೆ.

ಇನ್ನೊಂದು. ಆ ಮೂರು ತಿಂಗಳಲ್ಲಿ 'ಯಾರು ನೋಡುತ್ತಾರೆ' ಅಂತ ಪಿಕಪ್ ಹತ್ತಿದರೆ 182ನೇ ಸೆಕ್ಷನ್, ಮೂರು ತಿಂಗಳವರೆಗೆ ಜೈಲು ಇಲ್ಲವೇ 10,000 ಇಲ್ಲವೇ ಎರಡೂ. ಅಷ್ಟೇ ಅಲ್ಲ, ಆಗ ಏನಾದರೂ ಅಪಘಾತವಾದರೆ ಇನ್ಶೂರೆನ್ಸ್‌ನವರು ಕೈ ತೊಳೆದುಕೊಳ್ಳುತ್ತಾರೆ.

ಬೈತಖೋಲ_ಬಂದರು
ಊದುವುದೇ ಇಲ್ಲ ಅಂದರೆ? ನಮ್ಮ ಕಡೆ ಒಬ್ಬ ಸುಮ್ನೆ ಬಾಯಿ ಮುಚ್ಚಿ ನಿಂತಿದ್ದನಂತೆ, ಏನೂ ಮಾಡಲಿಕ್ಕೆ ಆಗಲಿಲ್ಲವಂತೆ. ಇನ್ನು ಎರಡು ಗ್ಲಾಸ್ ಮಜ್ಜಿಗೆ, ಒಂದು ನಿಂಬೆಹಣ್ಣು, ಮೇಲಿಂದ ಗುಟ್ಕಾ ಹಾಕಿದರೆ ಮಷಿನ್ ತೋರಿಸುವುದಿಲ್ಲ ಅಂತಾರೆ, ನಿಜವಾ?

ನರ್ಸಕ್ಕ_ಹೊನ್ನಾವರ
ತಮ್ಮಾ, ಮಷಿನ್ ಬಾಯಿಯ ವಾಸನೆ ನೋಡುವುದಲ್ಲ. ರಕ್ತದಲ್ಲಿರುವ ಆಲ್ಕೋಹಾಲ್ ಶ್ವಾಸಕೋಶಕ್ಕೆ ಬಂದು ಉಸಿರಿನ ಜೊತೆ ಹೊರಗೆ ಬರುತ್ತದೆ, ಅದನ್ನು ಅಳೆಯುವುದು. ಅದಕ್ಕೇ ಜೋರಾಗಿ, ಉದ್ದಕ್ಕೆ ಊದಿ ಅನ್ನುವುದು. ಮಜ್ಜಿಗೆ ಕುಡಿದರೆ ಹೊಟ್ಟೆ ತಣ್ಣಗಾಗಬಹುದು, ರಕ್ತದಲ್ಲಿದ್ದದ್ದು ಇಳಿಯುವುದಿಲ್ಲ. ಕಾಫಿಯೂ ಅಷ್ಟೇ, ತಲೆ ಮೇಲೆ ನೀರು ಸುರಿದುಕೊಳ್ಳುವುದೂ ಅಷ್ಟೇ.

ಲೆಕ್ಕ ಹೇಳುತ್ತೇನೆ, ಅಂದಾಜಿನದು, ಆದರೆ ಕಣ್ಣು ತೆರೆಸುತ್ತದೆ. 70 ಕೆಜಿ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ 60 ಎಂಎಲ್ ವಿಸ್ಕಿ ಒಂದೇ ಸಲಕ್ಕೆ ಕುಡಿದರೆ ರಕ್ತದಲ್ಲಿ 40ರ ಆಸುಪಾಸು ಬರಬಹುದು. ಅಂದರೆ ಒಂದು ಲಾರ್ಜಿಗೇ 30 ದಾಟಿತು. 'ಬಿಯರ್ ಅಲ್ವಾ, ಏನಾಗುತ್ತದೆ' ಅನ್ನುವವರು ಜಾಸ್ತಿ. 650 ಎಂಎಲ್‌ನ ಒಂದು ಸ್ಟ್ರಾಂಗ್ ಬಿಯರ್ ಬಾಟಲಿ, 8 ಪರ್ಸೆಂಟಿನದು, ಎರಡು ಲಾರ್ಜ್ ಪೆಗ್ಗಿಗೆ ಸಮ. ಲಿವರ್ ಗಂಟೆಗೆ ಸುಮಾರು 15 ಇಳಿಸುತ್ತದೆ, ಅದಕ್ಕೆ ಅವಸರ ಮಾಡಿಸುವ ಔಷಧಿ ಇಲ್ಲ. ಮಾವನ ಹುಡುಗನ 92 ಇದೆಯಲ್ಲ, ಅದು 30ಕ್ಕೆ ಇಳಿಯಲು ನಾಲ್ಕು ಗಂಟೆಗಿಂತ ಜಾಸ್ತಿ ಬೇಕು. ಮದುವೆ ಹಿಂದಿನ ರಾತ್ರಿ ಒಂದು ಗಂಟೆವರೆಗೆ ಐದು ಲಾರ್ಜ್ ಪೆಗ್ ಹಾಕಿ, ಬೆಳಿಗ್ಗೆ ಆರಕ್ಕೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ದಿಬ್ಬಣದ ಗಾಡಿ ಹತ್ತುವ ಡ್ರೈವರಿನ ರಕ್ತದಲ್ಲಿ ಇನ್ನೂ 70, 80 ಇರಬಹುದು. ಅವನಿಗೆ ತಾನು ಕುಡಿದಿದ್ದೇನೆ ಅಂತ ಅನ್ನಿಸುವುದೇ ಇಲ್ಲ.

ಕುಮಟಾ_ಕರಿಕೋಟು
ಊದುವುದಿಲ್ಲ ಅಂದವರ ಬಗ್ಗೆ: ಕುಡಿದ ಅನುಮಾನ ಇದ್ದರೆ ವಾರಂಟ್ ಇಲ್ಲದೆ ಬಂಧಿಸಬಹುದು, ಅದು 203. ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದರೆ ಮಾತ್ರ ವಿನಾಯಿತಿ. ಬಂಧಿಸಿದ ಮೇಲೆ ರಕ್ತ ಪರೀಕ್ಷೆ, ಅದು 204. ಸರಿಯಾದ ಕಾರಣ ಇಲ್ಲದೆ ಅದಕ್ಕೂ ಒಪ್ಪದಿದ್ದರೆ, ಆ ನಿರಾಕರಣೆಯನ್ನೇ ಕೋರ್ಟು ನಿಮ್ಮ ವಿರುದ್ಧ ತೆಗೆದುಕೊಳ್ಳಬಹುದು, ಅದು 205. ಬಾಯಿ ಮುಚ್ಚಿ ನಿಂತು ಗೆದ್ದವನ ಕಥೆಯಲ್ಲಿ ಅರ್ಧವಷ್ಟೇ ನಿಮ್ಮ ಕಿವಿಗೆ ಬಿದ್ದಿದೆ.

ಪೊಲೀಸರ ಮೇಲೂ ಕಟ್ಟುಪಾಡು ಇದೆ. ಬಂಧಿಸಿದ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಮಾಡಿಸಬೇಕು, ಇಲ್ಲದಿದ್ದರೆ ಕಸ್ಟಡಿಯಿಂದ ಬಿಡಬೇಕು. ಜೋಯಿಡಾ ಒಳಗಿನ ಹಳ್ಳಿಯಲ್ಲಿ ಸಿಕ್ಕಿ ಆಸ್ಪತ್ರೆ ದೂರ ಇದ್ದರೆ ಇದು ದೊಡ್ಡ ಪಾಯಿಂಟು. ಬಿಟ್ಟ ಮಾತ್ರಕ್ಕೆ ಕೇಸು ಬಿದ್ದುಹೋಯಿತು ಅಂತಲ್ಲ, ಅದೂ ತಿಳಿದಿರಲಿ.

ನರ್ಸಕ್ಕ_ಹೊನ್ನಾವರ
ರಕ್ತದ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಈ ಕೇಸಿಗೆ ರಕ್ತ ತೆಗೆಯುವಾಗ ತೋಳಿಗೆ ಸ್ಪಿರಿಟ್ ಹಚ್ಚಬಾರದು. ಮಾಮೂಲಿ ಇಂಜೆಕ್ಷನ್ನಿಗೆ ಹಚ್ಚುವ ಅಭ್ಯಾಸದಲ್ಲಿ ಕೈ ತಾನಾಗಿ ಹತ್ತಿಯ ಡಬ್ಬಿಗೆ ಹೋಗುತ್ತದೆ, ತಡೆದುಕೊಂಡು ಸೋಪಿನ ನೀರಲ್ಲಿ ಒರೆಸಬೇಕು, ಸ್ಪಿರಿಟ್ಟೂ ಆಲ್ಕೋಹಾಲೇ ಅಲ್ವಾ. ಆಮೇಲೆ ಸೋಡಿಯಂ ಫ್ಲೋರೈಡ್ ಇರುವ ಬಾಟಲಿಗೆ ಹಾಕುತ್ತಾರೆ, ರಕ್ತ ಕೆಡದಂತೆ. ಮುಚ್ಚಿ, ಅರಗಿನ ಸೀಲ್ ಹಾಕಿ, ಹೆಸರು, ಸಮಯ ಬರೆದು ಪ್ರಯೋಗಾಲಯಕ್ಕೆ. ಡಾಕ್ಟರು ಬೇರೆಯಾಗಿ ನಡಿಗೆ, ಮಾತು, ಕಣ್ಣಿನ ಪಾಪೆ ನೋಡಿ ಬರೆಯುತ್ತಾರೆ. ರಾತ್ರಿ ಎರಡು ಗಂಟೆಗೆ 'ನಾನು ಯಾರು ಗೊತ್ತಾ' ಅಂತ ನಮ್ಮ ಮೇಲೆ ರೇಗುವವರೇ ಜಾಸ್ತಿ. ಗೊತ್ತು ಅಣ್ಣ, ಚೀಟಿಯಲ್ಲಿ ಬರೆದಿದೆ.

ಶಿರಸಿ_ಪೇಟೆಯವ
ಎಲ್ಲ ಸರಿ, ಆದರೆ ನನ್ನದೊಂದು ತಕರಾರಿದೆ. 10,000 ಅನ್ನುವುದು ಯಾರಿಗೆ ಎಷ್ಟು? ವಾರಾಂತ್ಯಕ್ಕೆ ದೊಡ್ಡ ಕಾರಲ್ಲಿ ಗೋಕರ್ಣಕ್ಕೆ ಬರುವವನಿಗೆ ಅದು ಒಂದು ರಾತ್ರಿಯ ರೂಮಿನ ಬಾಡಿಗೆ. ಅಡಿಕೆ ಸುಲಿಯಲು ಹೋಗುವವನಿಗೆ ಅದು ತಿಂಗಳ ಸಂಸಾರ. ಇಬ್ಬರಿಗೂ ಒಂದೇ ದಂಡ. ಊದಿಸುವುದು ಯಾರನ್ನು ನೋಡಿ? ಹಳೆಯ ಬೈಕಿನವನನ್ನೇ ಮೊದಲು ಕೈ ಅಡ್ಡ ಹಾಕಿ ನಿಲ್ಲಿಸುತ್ತಾರೆ. ಇನ್ನು ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಗಳಿಗೆ ಸಂಜೆ ಬಸ್ಸು ಹೋದ ಮೇಲೆ ಮತ್ತೇನಿದೆ? ಪೇಟೆಯಲ್ಲಿ ಬಾರಿಗೆ ಪರವಾನಗಿ ಕೊಡುವುದು ಅದೇ ಸರ್ಕಾರ. ಎದುರಿಗೆ ಬೈಕ್ ನಿಲ್ಲಿಸಲು ಜಾಗ ಇರುವುದೂ ಅಲ್ಲೇ. ಹೊರಗೆ ಬಂದವನು ಮನೆಗೆ ಹೇಗೆ ಹೋಗಬೇಕು ಅಂತ ಯಾರೂ ಕೇಳುವುದಿಲ್ಲ, ನೂರು ಮೀಟರ್ ಆಚೆ ಮಷಿನ್ ಹಿಡಿದು ನಿಲ್ಲುತ್ತಾರೆ.

ಅಂಕೋಲಾ_ಲಾರಿ
ಪೇಟೆ ಅಣ್ಣ, ಬಸ್ಸಿಲ್ಲ ಅನ್ನುವುದು ಒಪ್ಪುತ್ತೇನೆ. ಆದರೆ ನಾನು ಅರಬೈಲು ಘಟ್ಟ ಇಳಿಯುವವನು. ಮಳೆಗಾಲದ ರಾತ್ರಿ, ಮಂಜು, ಹಿಂದೆ ಲೋಡು, ಎದುರಿಗೆ ತಿರುವಿನಲ್ಲಿ ಒಬ್ಬ ಬೈಕಿನವನು ನಡು ಗೆರೆಯ ಮೇಲೆ ಓಲಾಡುತ್ತಾ ಬರುತ್ತಾನೆ. ನಾನು ಬ್ರೇಕ್ ಒತ್ತಿದರೆ ಲಾರಿ ಅಡ್ಡ ಆಗುತ್ತದೆ, ಒತ್ತದಿದ್ದರೆ ಅವನು ಹೋಗುತ್ತಾನೆ. ಅವನು ಬಡವನೋ ಸಾಹುಕಾರನೋ ಅಂತ ಆಗ ಕೇಳಲಿಕ್ಕಾಗುತ್ತದಾ? ಕೇಸು ಮೊದಲು ಬೀಳುವುದು ದೊಡ್ಡ ಗಾಡಿಯವನ ಮೇಲೆ. ಜೂನ್, ಜುಲೈ ಬಂತು ಅಂದರೆ ಬೋಟು ದಡದಲ್ಲಿ, ಹುಡುಗರಿಗೆ ಕೆಲಸ ಇಲ್ಲ. ಆ ಎರಡು ತಿಂಗಳು ಸಂಜೆ ಮೇಲೆ ಹೈವೇ 66ರಲ್ಲಿ ಬರುವಾಗ ನಾನು ಹಾರ್ನ್ ಮೇಲಿಂದ ಕೈ ತೆಗೆಯುವುದಿಲ್ಲ.

ಬೈತಖೋಲ_ಬಂದರು
ಬೋಟಿನವರನ್ನೇ ಯಾಕೆ ಎಳೆಯುತ್ತೀರಿ, ಮಾರ್ಚಿನಲ್ಲಿ ಶಿರಸಿ ಜಾತ್ರೆಗೆ ಬಂದವರನ್ನು ನೋಡಿಲ್ಲವಾ?

ಶಿರಸಿ_ಪೇಟೆಯವ
ನೋಡಿದ್ದೇವೆ, ಅದರಲ್ಲಿ ಅರ್ಧ ನಿಮ್ಮ ಕಡೆಯವರೇ. ಇರಲಿ ಬಿಡಿ. ಕುಡಿದು ಓಡಿಸುವುದು ಸರಿ ಅಂತ ನಾನು ಎಲ್ಲೂ ಹೇಳಿಲ್ಲ. ದಂಡ ಆದಾಯ ನೋಡಿ ಹಾಕಬೇಕು, ರಾತ್ರಿ ಹನ್ನೊಂದಕ್ಕೆ ಒಂದು ಬಸ್ಸು ಬಿಡಬೇಕು, ಇವೆರಡೇ ನನ್ನ ವಾದ.

ಹೊನ್ನಾವರದ_ಹುಡುಗಿ
ನಾನು ಕೇಳಬೇಕು ಅಂತಿದ್ದದ್ದು ಹಿಂದೆ ಕೂತವನ ಬಗ್ಗೆ. ಬೈಕ್ ಅವನದು, ಕೀ ಕೊಟ್ಟವನೂ ಅವನೇ. ಇವನು ಕುಡಿದಿದ್ದಾನೆ ಅಂತ ಗೊತ್ತಿದ್ದೇ ಕೊಟ್ಟದ್ದು. ಅವನಿಗೆ ಏನೂ ಇಲ್ಲವಾ? ಬೈಕಿನ ಇನ್ಶೂರೆನ್ಸ್ ಕಥೆ ಏನು?

ಕುಮಟಾ_ಕರಿಕೋಟು
ಒಳ್ಳೆಯ ಪ್ರಶ್ನೆ ತಂಗಿ. ಹಿಂದೆ ಕುಡಿದು ಕೂರುವುದು ಅಪರಾಧ ಅಲ್ಲ. ಆದರೆ 188ನೇ ಸೆಕ್ಷನ್ ಇದೆ, ಕುಡಿದು ಓಡಿಸಲು ಕುಮ್ಮಕ್ಕು ಕೊಟ್ಟವನಿಗೂ ಅದೇ ಶಿಕ್ಷೆ. ನಮ್ಮ ಕೋರ್ಟುಗಳಲ್ಲಿ ಇದನ್ನು ಹಾಕುವುದು ನಾನು ಕಂಡದ್ದು ಕಡಿಮೆ. ಹಾಕಿದರೆ ತಪ್ಪಿಸಿಕೊಳ್ಳುವುದು ಸುಲಭ ಅಲ್ಲ, ಕೀ ಕೊಟ್ಟು ಹಿಂದೆಯೇ ಹತ್ತಿ ಕೂತವನು 'ಗೊತ್ತಿರಲಿಲ್ಲ' ಅಂದರೆ ಯಾರು ನಂಬುತ್ತಾರೆ?

ಇನ್ಶೂರೆನ್ಸ್‌ನಲ್ಲಿ ಎರಡು ಕಡೆ ಪೆಟ್ಟು. ನಿಮ್ಮ ಗಾಡಿಗೆ ಆದ ನಷ್ಟ ಸಿಗುವುದಿಲ್ಲ, ಪಾಲಿಸಿಯಲ್ಲೇ ಕುಡಿದು ಓಡಿಸಿದ್ದನ್ನು ಹೊರಗಿಟ್ಟಿರುತ್ತಾರೆ. ದೆಹಲಿಯಲ್ಲಿ 2007ರಲ್ಲಿ ಅಪಘಾತವಾದ ಒಂದು ಪೋರ್ಷೆ ಕಾರಿನ ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 2021ರಲ್ಲಿ ತೀರ್ಪಾಯಿತು. ಊದಿಸಿದ ದಾಖಲೆ ಇಲ್ಲದಿದ್ದರೂ ಬೇರೆ ಸಾಕ್ಷಿಯಿಂದ ಕುಡಿದದ್ದು ಗೊತ್ತಾದರೆ ಕಂಪನಿ ಕ್ಲೈಮ್ ತಿರಸ್ಕರಿಸಬಹುದು ಅಂತ ಕೋರ್ಟು ಹೇಳಿತು. ಇನ್ನು ಎದುರಿನವನಿಗೆ ಪೆಟ್ಟಾದರೆ? 2019ರ ತಿದ್ದುಪಡಿ ಆದ ಮೇಲೆ 150ನೇ ಸೆಕ್ಷನ್‌ನಲ್ಲಿ ಕುಡಿದು ಓಡಿಸಿದ್ದನ್ನೂ ಕಂಪನಿ ತಕರಾರಾಗಿ ಎತ್ತಬಹುದು. ಇಂಥ ಕಡೆ ಕೋರ್ಟುಗಳು ಮೊದಲು ಕಂಪನಿ ಗಾಯಾಳುವಿಗೆ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ ಅಂತ ಆದೇಶ ಮಾಡುವುದುಂಟು. ಲಕ್ಷಗಟ್ಟಲೆ ಇರುತ್ತದೆ. ಆಗ ನೋಟಿಸ್ ಬರುವುದು ಬೈಕಿನ ಆರ್‌ಸಿಯಲ್ಲಿ ಹೆಸರಿರುವವನ ಮನೆಗೆ. ಹತ್ತು ಗುಂಟೆ ತೋಟ ಮಾರಿ ಕಟ್ಟಿದವರನ್ನು ನಾನು ಬಲ್ಲೆ.

ಜೀವ ಹೋದರೆ 185 ಅನ್ನುವುದು ಕೇಸಿನ ಬಾಲ ಮಾತ್ರ. ಅಜಾಗರೂಕತೆಯಿಂದ ಸಾವು ತಂದದ್ದಕ್ಕೆ ಹಿಂದೆ ಐಪಿಸಿ 304ಎ ಅಂತ ಇತ್ತು, ಎರಡು ವರ್ಷದವರೆಗೆ ಜೈಲು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 106(1)ರಲ್ಲಿ ಅದು ಐದು ವರ್ಷದವರೆಗೆ ಆಗಿದೆ. ಅದಕ್ಕಿಂತ ಮುಂದೆಯೂ ಹೋಗುತ್ತದೆ. ಮುಂಬೈಯಲ್ಲಿ 2006ರಲ್ಲಿ ಅಲಿಸ್ಟರ್ ಪರೇರಾ ಎಂಬಾತ ಕುಡಿದು ಫುಟ್‌ಪಾತಿನಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹತ್ತಿಸಿದ, ಏಳು ಜನ ಸತ್ತರು. ಬರೀ ಅಜಾಗರೂಕತೆ ಅಂತ ಬಿಡದೆ, ಸಾವು ಆಗಬಹುದು ಅಂತ ತಿಳಿದೂ ಮಾಡಿದ ನರಹತ್ಯೆ ಅಂತ ಮೂರು ವರ್ಷದ ಶಿಕ್ಷೆಯನ್ನು ಸುಪ್ರೀಂ ಕೋರ್ಟು 2012ರಲ್ಲಿ ಎತ್ತಿಹಿಡಿಯಿತು. ಏಳು ಜೀವಕ್ಕೆ ಮೂರು ವರ್ಷ ಕಡಿಮೆಯಾಯಿತು ಅಂತ ಅನ್ನಿಸಿದರೆ ನಾನು ನಿಮ್ಮ ಜೊತೆ ಜಗಳಕ್ಕೆ ಬರುವುದಿಲ್ಲ.

ಸದಾಶಿವಗಡ_ಮಾವ
ವಕೀಲರೇ, ದೊಡ್ಡ ಉಪಕಾರವಾಯಿತು. ಒಂದೇ ಅನುಮಾನ. ಹುಡುಗ ಗಲ್ಫಿಗೆ ಹೋಗುವ ಆಸೆಯಲ್ಲಿದ್ದಾನೆ, ಅಲ್ಲೂ ಡ್ರೈವರ್ ಕೆಲಸವೇ. ತಪ್ಪು ಒಪ್ಪಿಕೊಂಡು ದಂಡ ಕಟ್ಟಿದರೆ ಅದಕ್ಕೆ ತೊಂದರೆಯಾ? ಒಪ್ಪಿಕೊಳ್ಳದೆ ನಡೆಸಬಹುದಾ?

ಕುಮಟಾ_ಕರಿಕೋಟು
ತಪ್ಪೊಪ್ಪಿಕೊಂಡು ದಂಡ ಕಟ್ಟುವುದು ಅಂದರೆ ಶಿಕ್ಷೆ ಆದ ಹಾಗೇ, ಮೊತ್ತ ಎಷ್ಟೇ ಇರಲಿ. ಮುಂದೆ ಯಾವುದಾದರೂ ಅರ್ಜಿಯಲ್ಲಿ 'ಕೋರ್ಟಿನಿಂದ ಶಿಕ್ಷೆಯಾಗಿದೆಯೇ' ಅಂತ ಕೇಳಿದರೆ 'ಇಲ್ಲ' ಅಂತ ಬರೆಯುವ ಹಾಗಿಲ್ಲ. ಮುಚ್ಚಿಟ್ಟರೆ ಸಣ್ಣದು ದೊಡ್ಡದಾಗುತ್ತದೆ. ಕೇಸು ನಡೆಸಲು ಖಂಡಿತ ಬರುತ್ತದೆ. ಮಷಿನ್ನಿನ ಪ್ರಿಂಟ್ ಚೀಟಿ ಕೇಳಿ ಪಡೆಯಿರಿ, ಅದರಲ್ಲಿ ದಿನ, ಸಮಯ, ರೀಡಿಂಗ್, ಮಷಿನ್ ನಂಬರ್ ಇರುತ್ತದೆ. ಕ್ಯಾಲಿಬ್ರೇಷನ್, ಅಂದರೆ ಮಷಿನ್ ಸರಿಯಾಗಿ ಅಳೆಯುತ್ತದಾ ಅಂತ ನೋಡುವ ಪರೀಕ್ಷೆ, ಯಾವಾಗ ಆಗಿದೆ ಅಂತ ಕೇಳಬಹುದು. 34, 36 ಬಂದಿದ್ದರೆ ನಾನೂ ಹೋರಾಡಿ ಅನ್ನುತ್ತಿದ್ದೆ. 92ಕ್ಕೆ, ಅದೂ ಸತ್ಯವಾಗಿ ಕುಡಿದವನಿಗೆ, ನಾಲ್ಕಾರು ತಾರೀಖು ಶಿರಸಿಯಿಂದ ಕಾರವಾರಕ್ಕೆ ಬಾಡಿಗೆ ಬಿಟ್ಟು ಬಂದು ಹೋಗುವ ಖರ್ಚೇ ಹತ್ತು ಸಾವಿರ ದಾಟುತ್ತದೆ. ತೀರ್ಮಾನ ನಿಮ್ಮದು. ನಿಮ್ಮ ಕೇಸಿನ ಕಾಗದ ನೋಡಿದ ವಕೀಲರ ಮಾತನ್ನೇ ಕೊನೆಗೆ ಕೇಳಿ, ನನ್ನದಲ್ಲ.

ಹಾಂ, ಅವರ ಹತ್ತಿರ ಗೋವಾದ ಬಾಟಲಿ ಏನಾದರೂ ಸಿಕ್ಕಿತ್ತಾ? ಸಿಕ್ಕಿದ್ದರೆ ಅದು ಅಬಕಾರಿ ಕೇಸು, ಬೇರೆಯೇ ಕಥೆ, ಮೊದಲೇ ಹೇಳಿ.

ಸದಾಶಿವಗಡ_ಮಾವ
ಬಾಟಲಿ ಇರಲಿಲ್ಲ. ಎಲ್ಲ ಅಲ್ಲೇ ಮುಗಿಸಿ ಬಂದಿದ್ದಾರೆ.

ಹೊನ್ನಾವರದ_ಹುಡುಗಿ
ಕೊನೆಯದಾಗಿ ನನ್ನದೊಂದು. ಪಾರ್ಟಿ ಮುಗಿಸಿ ಕಾರಲ್ಲೇ ಮಲಗಿ ಬೆಳಿಗ್ಗೆ ಹೊರಟರೆ ಸರಿಯಾ? ನಮ್ಮ ಆಫೀಸಿನ ಹುಡುಗರು ಮುರ್ಡೇಶ್ವರಕ್ಕೆ ಹೋದಾಗ ಹಾಗೇ ಮಾಡುತ್ತಾರಂತೆ. ರಾತ್ರಿ ಪೊಲೀಸರು ಬಂದು ಕಿಟಕಿ ತಟ್ಟಿದರೆ?

ಕುಮಟಾ_ಕರಿಕೋಟು
185 ಬರುವುದು ಓಡಿಸುವಾಗ, ಅಥವಾ ಓಡಿಸಲು ಹೊರಟಾಗ. ನಿಂತ ಕಾರಿನ ಹಿಂದಿನ ಸೀಟಲ್ಲಿ ಮಲಗುವುದು ಅಪರಾಧ ಅಲ್ಲ. ಸ್ಟಿಯರಿಂಗ್ ಮುಂದೆ ಕೂತು, ಎಂಜಿನ್ ಚಾಲೂ ಇಟ್ಟು ಮಲಗಿದರೆ 'ಹೊರಟಿದ್ದ' ಅನ್ನಲು ದಾರಿ ಮಾಡಿಕೊಟ್ಟ ಹಾಗೆ. ಕೀ ತೆಗೆದು ಡಿಕ್ಕಿಯಲ್ಲೋ ಬ್ಯಾಗಿನಲ್ಲೋ ಇಟ್ಟು ಹಿಂದೆ ಮಲಗಲಿ.

ನರ್ಸಕ್ಕ_ಹೊನ್ನಾವರ
ಎಸಿಗೋಸ್ಕರ ಎಂಜಿನ್ ಹಾಕಿ ಕಿಟಕಿ ಮುಚ್ಚಿ ಮಲಗುವುದಂತೂ ಬೇಡವೇ ಬೇಡ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆ ಇಲ್ಲ, ಒಳಗೆ ಸೇರಿಕೊಂಡರೆ ಕುಡಿದು ಮಲಗಿದವನಿಗೆ ಎಚ್ಚರವೇ ಆಗುವುದಿಲ್ಲ. ಎಂಜಿನ್ ಆಫ್ ಮಾಡಿ, ಕಿಟಕಿ ನಾಲ್ಕು ಬೆರಳು ಇಳಿಸಿ. ಬೆಳಿಗ್ಗೆಯೂ ಎದ್ದ ಕೂಡಲೇ ಹೊರಡಬೇಡಿ, ಮೇಲೆ ಬರೆದ ಲೆಕ್ಕ ನೋಡಿ. ಗುಂಪಿನಲ್ಲಿ ಕುಡಿಯದ ಒಬ್ಬರಾದರೂ ಇದ್ದೇ ಇರುತ್ತಾರಲ್ಲ, ಲೈಸೆನ್ಸ್ ಇದ್ದರೆ ಕೀ ಅವರ ಕೈಗೆ ಕೊಡಿ.